ನೀರು ಬಿಡುತ್ತಿದ್ದ ದಾವಲಸಾಬರು

ದಾವಲಸಾಬರು ಡಯಾಲಿಸಿಸ್ ಹಾಸಿಗೆ ಏರಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ತಮ್ಮ ಎಡ ಮುಂಗೈಯನ್ನು ಕಿವಿಗೆ ಒತ್ತಿಕೊಳ್ಳುವುದು. ಫೋನಿನಲ್ಲಿ ದೂರದ ಊರಿನವರ ಮಾತು ಕೇಳುವವರ ಹಾಗೆ ಕಣ್ಣು ಕಿರಿದು ಮಾಡಿ, ಬಾಯಿ ತುಸು ತೆರೆದು, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆಮೇಲೆ ಮುಖ ಅರಳಿಸಿ ಇಡೀ ವಾರ್ಡಿಗೆ ಕೇಳುವಂತೆ ಸಾರುತ್ತಿದ್ದರು: "ಬಂತ ನೋಡ್ರಿ ನೀರು! ಛಲೋ ಒತ್ತು ಐತಿ ಇವತ್ತ."

ನಮ್ಮಂಥವರ ಕೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿರುತ್ತಾರೆ. ಫಿಸ್ಟುಲಾ ಎನ್ನುತ್ತಾರೆ ಅದಕ್ಕೆ. ಸೂಜಿ ಚುಚ್ಚುವುದು ಅಲ್ಲಿಗೇ. ರಕ್ತ ಯಂತ್ರಕ್ಕೆ ಹೋಗುವುದೂ ತೊಳೆದುಕೊಂಡು ಮರಳುವುದೂ ಅಲ್ಲಿಂದಲೇ. ಅದು ಸರಿಯಿದ್ದರೆ ಒಳಗೆ ಸದಾ ಗುಂಯ್ ಎಂಬ ಸದ್ದು ಇರುತ್ತದೆ. ನನಗೆ ಆ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಮಲಗುವಾಗ ಆ ಕೈಯನ್ನು ದಿಂಬಿನಿಂದ ದೂರ ಇಟ್ಟುಕೊಳ್ಳುತ್ತಿದ್ದೆ. ದಾವಲಸಾಬರಿಗೆ ಮಾತ್ರ ಅದು ಒಣಗಿದ ನಳಕ್ಕೆ ನೀರು ಏರಿ ಬರುವ ಸದ್ದು. ಯಾಕೆಂದರೆ ಅವರು ದುಡಿಯುವ ವಯಸ್ಸನ್ನೆಲ್ಲ ಹುಬ್ಬಳ್ಳಿಗೆ ನೀರು ಬಿಡುವುದರಲ್ಲಿ ಕಳೆದವರು.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ನಳದ ನೀರು ದಿನಾ ಬರುವಂಥದ್ದಲ್ಲ. ಓಣಿ ಓಣಿಗೂ ಅದರದರ ಪಾಳಿ. ಪಾಳಿಯ ದಿನ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಮದುವೆ ಇದ್ದರೂ, ಜ್ವರ ಬಂದಿದ್ದರೂ ಕೊಡ, ಬ್ಯಾರಲ್, ಸಿಂಟೆಕ್ಸು ತುಂಬಿಸದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಆ ದಿನ ಆಳೆತ್ತರದ ಕಬ್ಬಿಣದ ಚಾವಿಯೊಂದನ್ನು ಹೆಗಲ ಮೇಲಿಟ್ಟುಕೊಂಡು ಬಂದು, ರಸ್ತೆಯ ಗುಂಡಿಯ ಮುಚ್ಚಳ ಸರಿಸಿ, ವಾಲ್ವ್ ತಿರುವಿ ಹೋಗುವ ಮನುಷ್ಯನೊಬ್ಬ ಇರುತ್ತಾನೆ. ಹಳೇ ಹುಬ್ಬಳ್ಳಿಯ ಒಂದಿಷ್ಟು ಓಣಿಗಳಿಗೆ ಆ ಮನುಷ್ಯ ದಾವಲಸಾಬರು. ವಾಲ್ವ್ ತಿರುವುವಾಗ ಚಾವಿಯ ಮೇಲ್ತುದಿಗೆ ಕಿವಿ ಹಚ್ಚಿ, ನೆಲದೊಳಗೆ ನೀರು ಎಷ್ಟು ಒತ್ತಿನಲ್ಲಿ, ಎಷ್ಟು ರಭಸದಲ್ಲಿ ಓಡುತ್ತದೆಂದು ಕೇಳುತ್ತಿದ್ದರಂತೆ. ಚಾವಿ ಹೊತ್ತು ಹೊತ್ತು ಅವರ ಬಲ ಹೆಗಲು ತಗ್ಗಿ, ನಡೆಯುವಾಗ ಇಡೀ ದೇಹ ಒಂದು ಕಡೆ ವಾಲುತ್ತಿತ್ತು. ಹೊಸ ಜಾಗಕ್ಕೆ ಎಲ್ಲಿಗೆ ಹೋದರೂ ಮೊದಲು ಅಲ್ಲಿಯ ನಳ ತಿರುವಿ ನೋಡುವುದು, ಹನಿ ಜಿನುಗುತ್ತಿದ್ದರೆ ಬಿಗಿ ಮಾಡುವುದು. ಆಸ್ಪತ್ರೆಯ ವಾರ್ಡಿನ ಮೂಲೆಯ ಬೇಸಿನ್ನಿನ ನಳವನ್ನು ಅವರು ಎಷ್ಟು ಬಿಗಿ ಮಾಡಿಡುತ್ತಿದ್ದರೆಂದರೆ ರೇಣುಕಾ ಸಿಸ್ಟರ್ ಕೈ ತೊಳೆಯಲು ಅವರನ್ನೇ ಕರೆಯಬೇಕಾಗುತ್ತಿತ್ತು.

ನಾನು ಮೊದಲ ಸಲ ಆ ವಾರ್ಡಿಗೆ ಹೋದಾಗ ಸಿಟ್ಟಿನಲ್ಲಿದ್ದೆ. ಬೆಂಗೇರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು ನಾನು. ಸಿಟ್ಟು ನನಗೆ ಹೊಸದಲ್ಲ. ಆದರೆ ಅಲ್ಲಿಯವರೆಗೆ ಅದನ್ನು ತೀರಿಸಿಕೊಳ್ಳಲು ಎದುರಿಗೆ ಯಾರಾದರೂ ಇರುತ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟದ್ದಕ್ಕೆ ಯಾರನ್ನು ಬೈಯುವುದು? ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಆ ಯಂತ್ರದ ಬಗಲಿಗೆ ಮಲಗಬೇಕು, ಇನ್ನು ಮುಂದೆ ಹೀಗೇ, ಎಂದು ಹೇಳಿಬಿಟ್ಟಿದ್ದರು. ಸೂಜಿ ಚುಚ್ಚಿ ಸಿಸ್ಟರ್ ಆಚೆ ಹೋದೊಡನೆ ಪಕ್ಕದ ಹಾಸಿಗೆಯಿಂದ ಒಂದು ಗಡ್ಡದ ಮುಖ ನನ್ನ ಕಡೆ ತಿರುಗಿತು.

"ಅಕ್ಕಾರ, ಯಾವ ಓಣಿರಿ ನಿಮ್ಮದು?"

"ಬೆಂಗೇರಿ."

"ಬೆಂಗೇರ್ಯಾಗ ಎಲ್ಲೆ? ಸಂತಿ ಕಡೆನೋ, ಮ್ಯಾಲಿನ ಸಾಲೋ?"

"ಮ್ಯಾಲಿನ ಸಾಲು" ಎಂದೆ, ಇನ್ನು ಸಾಕು ಎಂಬ ದನಿಯಲ್ಲಿ.

"ಹೌದನ್ರಿ! ಹಂಗಾರ ನಿಮಗ ಒತ್ತು ಕಡಿಮಿ ನೋಡ್ರಿ. ಕೆಳಗಿನ ಮಂದಿ ಮೋಟಾರ್ ಹಚ್ಚಿ ಎಳಕೋತಾರ. ನಿಮ್ಮ ನಳ ಬರೇ ಸುಸ್ಸ್ ಅಂತೈತಿ, ಖರೇ ಹೌದಲ್ರಿ?"

ನನ್ನ ಜೀವವೇ ಹೋಗುವುದರಲ್ಲಿದೆ, ಈ ಮನುಷ್ಯನಿಗೆ ನನ್ನ ನಳದ ಚಿಂತೆ ಎಂದು ಮೈ ಉರಿಯಿತು. ಆ ಕಡೆ ಹೊರಳೋಣವೆಂದರೆ ಕೈಯಲ್ಲಿ ಸೂಜಿ. ಬಾಯಿ ಬಿಗಿದುಕೊಂಡು ಮಲಗಿದೆ. ಅವರು ಮಾತ್ರ ನಾನು ಕೇಳುತ್ತಿದ್ದೇನೆಂದೇ ತಿಳಿದು ಬೆಂಗೇರಿಯ ಪೈಪುಗಳ ಸಂಗತಿಯನ್ನೆಲ್ಲ ಹೇಳುತ್ತ ಹೋದರು. ಮನೆಗೆ ಬಂದ ಮೇಲೆ ಒಂದು ಮಾತು ಹೊಳೆಯಿತು. ಹಲವು ತಿಂಗಳಿಂದ ನನ್ನ ಹತ್ತಿರ ಬಂದವರೆಲ್ಲ ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ಕೇಳಿದ್ದರು. ಯಾವ ಓಣಿ ಎಂದು ಕೇಳಿದವರು ಇವರೊಬ್ಬರೇ.

ಜನ ತಮಗೆ ಬೈದ ಬೈಗುಳಗಳನ್ನು ದಾವಲಸಾಬರು ಸನ್ಮಾನದ ಶಾಲುಗಳ ಹಾಗೆ ಜೋಪಾನ ಮಾಡಿಟ್ಟುಕೊಂಡಿದ್ದರು. "ನೀರು ಬಂದ್ರ ದೇವರ ಕೊಟ್ಟ ಅಂತಾರ್ರಿ. ಬರಲಿಲ್ಲಂದ್ರ ದಾವಲಸಾಬ ಬಿಡಲಿಲ್ಲ ಅಂತಾರ" ಎಂದು ನಗುತ್ತಿದ್ದರು. ಒಮ್ಮೆ ಒಬ್ಬ ಹೆಣ್ಣುಮಗಳು ಖಾಲಿ ಕೊಡ ತಂದು ಇವರ ತಲೆಯ ಮೇಲಿಟ್ಟು, ಇದು ತುಂಬುವವರೆಗೆ ಇಲ್ಲಿಂದ ಕದಲಬೇಡ ಎಂದಳಂತೆ. "ನೀವೇನ ಮಾಡಿದ್ರಿ?" ಎಂದು ನಾನು ಕೇಳಿದೆ. ಅಷ್ಟು ಹೊತ್ತಿಗೆ ನಾನು ಮಾತಾಡಲು ಶುರು ಮಾಡಿದ್ದೆ. "ನಿಂತೆನ್ರಿ ಕೊಡ ಹೊತ್ಕೊಂಡು. ಆಕಿ ಮನ್ಯಾಗ ಅವತ್ತ ಮಗಳ ನಿಶ್ಚಯ ಇತ್ತು. ನೀರಿಲ್ಲದ ಮನಿಗೆ ಬೀಗರು ಬಂದ್ರ ಆಕಿ ಮಾರಿ ಹೆಂಗ ತೋರಸಬೇಕು? ವಾಲ್ವ್ ಇನ್ನೊಂದ ಸುತ್ತು ತಿರುವಿದೆ. ಮ್ಯಾಲಿನ ಓಣಿಯವರು ಆಮ್ಯಾಲೆ ಬೈದ್ರು, ಅದು ಬ್ಯಾರೆ ಮಾತ."

ಇಂಥವರಿಗೆ ಡಾಕ್ಟರು ದಿನಕ್ಕೆ ಎರಡೇ ಲೋಟ ನೀರು ಎಂದು ಕಟ್ಟು ಹಾಕಿದ್ದರು. ಮೂತ್ರ ನಿಂತವರಿಗೆ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಕಾಲು ಬಾಯುತ್ತದೆ, ಆಮೇಲೆ ಎದೆಗೆ ಏರಿ ಉಸಿರು ಕಟ್ಟುತ್ತದೆ. ಚಹಾ, ಸಾರು, ಮಜ್ಜಿಗೆ ಎಲ್ಲ ಆ ಎರಡು ಲೋಟದೊಳಗೇ ಬರಬೇಕು. ಹುಬ್ಬಳ್ಳಿಯ ಏಪ್ರಿಲ್ ತಿಂಗಳಲ್ಲಿ ಇದೇನೆಂದು ಅನುಭವಿಸಿದವರಿಗೇ ಗೊತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿರುತ್ತದೆ, ಕಿವಿಗೆ ಎಲ್ಲೆಲ್ಲೂ ನೀರು ಸುರಿಯುವ ಸದ್ದೇ ಕೇಳುತ್ತದೆ. "ಊರಿಗೆಲ್ಲ ಪಾಳಿ ಹಚ್ಚಿದ್ದೆ ಅಕ್ಕಾರ, ಈಗ ನನ್ನ ಗಂಟಲಿಗೆ ಹಚ್ಚ್ಯಾರ" ಎನ್ನುತ್ತಿದ್ದರು.

ಅಂಥ ಒಂದು ಬೇಸಿಗೆಯಲ್ಲಿ ಅವರು ರಾಯಾಪುರಕ್ಕೆ ಹೋದರು. ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಹೋದೊಡನೆ ನೀರು, ಹಿಂದೆಯೇ ಶರಬತ್ತು, ಆಮೇಲೆ ಚಹಾ, ಊಟದ ನಂತರ ಮಜ್ಜಿಗೆ. ಎಲ್ಲ ಕುಡಿದು ಬಂದರು. ಮರುದಿನ ಅಳಿಯನ ಆಟೋದಿಂದ ಇಬ್ಬರು ಹಿಡಿದು ಇಳಿಸಿದಾಗ ಮುಖ ಉಬ್ಬಿತ್ತು, ಮಾತಿಗೊಮ್ಮೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ರೇಣುಕಾ ಸಿಸ್ಟರ್ ತೂಕ ನೋಡಿ ಹೌಹಾರಿದರು, ಬೈದರು. ಯಂತ್ರ ಹಚ್ಚಿ ಒಂದು ತಾಸಾದ ಮೇಲೆ ದಾವಲಸಾಬರಿಗೆ ಬಾಯಿ ಬಂತು.

"ಬೀಗರ ಮನ್ಯಾಗ ನೀರ ಬ್ಯಾಡ ಅನ್ನೂದು ಹೆಂಗ್ರೀ ಸಿಸ್ಟರ? ನೀರ ಬ್ಯಾಡ ಅಂದ್ರ ಮನಿನಽ ಬ್ಯಾಡ ಅಂದಂಗ ಆಗತೈತಿ. ನನ್ನ ಮಗಳು ಅಲ್ಲೆ ಬಾಳೇವು ಮಾಡಾಕತ್ತಾಳ."

"ಹಂಗಾರ ಬೀಗರ ಮನಿಗೆ ಹೋಗೂದ ಬಿಡ್ರಿ ಚಾಚಾ."

"ಅದೂ ಆಗೂದಿಲ್ಲ" ಎಂದರು.

ಮುಂದಿನ ಪಾಳಿಗೆ ಬಂದಾಗ ಜುಬ್ಬಾದ ಜೇಬಿನಿಂದ ಒಂದು ವಸ್ತು ತೆಗೆದು ತೋರಿಸಿದರು. ಮೊಮ್ಮಗಳ ಅಡಿಗೆ ಆಟದ ಸಾಮಾನಿನೊಳಗಿನ ಸ್ಟೀಲಿನ ಗ್ಲಾಸು, ಹೆಬ್ಬೆರಳಿಗಿಂತ ತುಸು ದೊಡ್ಡದು. ಅಂದಿನಿಂದ ಯಾರ ಮನೆಗೆ ಹೋದರೂ, ಮನೆಯವರು ನೀರು ತಂದೊಡನೆ ಇವರು ಅದನ್ನು ಮುಂದೆ ಹಿಡಿಯುತ್ತಿದ್ದರು: "ಇದರಾಗ ಹಾಕ್ರಿ." ಹಾಕಿದ್ದನ್ನು ನಿಧಾನವಾಗಿ, ಕಣ್ಣು ಮುಚ್ಚಿ, ಮನೆಯವರಿಗೆ ತೃಪ್ತಿಯಾಗುವಷ್ಟು ಹೊತ್ತು ಕುಡಿಯುತ್ತಿದ್ದರು. ರಾಯಾಪುರದ ಬೀಗರು ಮೊದಲ ಸಲ ಹೊಟ್ಟೆ ಹಿಡಿದು ನಕ್ಕರಂತೆ. "ನಗಲಿ ಬಿಡ್ರಿ, ನಕ್ಕರ ನನ್ನ ತೂಕೇನ ಹೆಚ್ಚಾಗೂದಿಲ್ಲ" ಎಂದರು ದಾವಲಸಾಬರು. ಮೊಮ್ಮಗಳು ಮಾತ್ರ ತನ್ನ ಗ್ಲಾಸು ವಾಪಸು ಕೊಡು ಎಂದು ಬಹಳ ದಿನ ಕಾಡಿದಳು.

ನಾನೋ, ಅವರ ತದ್ವಿರುದ್ಧ. ಯಾರ ಮನೆಗೂ ಹೋಗುವುದನ್ನು ನಿಲ್ಲಿಸಿದ್ದೆ. ಬಂದವರು ಅಯ್ಯೋ ಪಾಪ ಎಂದು ಕುಳಿತು, ಅವರಿವರು ಸತ್ತ ಸುದ್ದಿ ಹೇಳಿ ಹೋಗುತ್ತಿದ್ದರು. ಅವರು ಬರುವುದೂ ಬೇಡವಾಗಿತ್ತು. ಶಾಲೆಗೆ ದೀರ್ಘ ರಜೆ ಹಾಕಿದ್ದೆ. ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಬೇರೆ. ನಮ್ಮ ಮನೆಯವರು ನನ್ನೆದುರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಊಟದ ನಡುವೆ ಏನೋ ನೆಪ ಮಾಡಿ ಎದ್ದು ಹೋಗಿ, ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಸದ್ದಾಗದಂತೆ ಕುಡಿದು ಬರುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು. ಆದರೆ ನನ್ನ ಗಂಡ ತನ್ನ ಮನೆಯಲ್ಲೇ ಕಳ್ಳನ ಹಾಗೆ ನೀರು ಕುಡಿಯುವಂತೆ ಆದದ್ದು ನನ್ನಿಂದ ಎಂದು ಅನ್ನಿಸಿದಾಗ ಬದುಕು ಬೇಡವಾಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ದಿನಗಳಲ್ಲೇ ಕಾಲೇಜೊಂದರ ಹುಡುಗಿ ವಾರ್ಡಿಗೆ ಬಂದಿದ್ದಳು. ನಮ್ಮ ಮನಸ್ಸಿನ ಆರೋಗ್ಯ ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ಅವಳ ಓದಿನ ಭಾಗ. "ಹೋದ ವಾರ ಎಷ್ಟು ಸಲ ಬೇಸರವಾಯಿತು?" ಎಂದು ದಾವಲಸಾಬರನ್ನು ಕೇಳಿದಳು. "ಬ್ಯಾಸರಕ್ಕ ಪಾಳಿ ಇಲ್ಲವಾ ತಂಗಿ. ಅದು ಹಗಲು ರಾತ್ರಿ ಬರ್ತೈತಿ" ಎಂದರು. ಎಲ್ಲರೂ ನಕ್ಕೆವು. ಆಮೇಲೆ ಅವಳು ನನ್ನ ಹತ್ತಿರ ಬಂದಳು. ನಾನು ಎಲ್ಲದಕ್ಕೂ 'ಪರವಾಗಿಲ್ಲ' ಎಂದು ಹೇಳಿ ಕಳಿಸಿದೆ. ಪಕ್ಕದ ಹಾಸಿಗೆಯಿಂದ ದಾವಲಸಾಬರು ನನ್ನನ್ನೇ ನೋಡುತ್ತಿದ್ದರು.

ಅದಾದ ಮುಂದಿನ ಸೋಮವಾರ ನಾನು ಡಯಾಲಿಸಿಸ್‌ಗೆ ಹೋಗಲಿಲ್ಲ. ನಮ್ಮವರು ಬೆಳಿಗ್ಗೆಯೇ ಕಾಳಿನ ಅಂಗಡಿಗೆ ಹೋಗಿಬಿಡುತ್ತಾರೆ. ನಾನು ಆಟೋ ಹಿಡಿದು ಒಬ್ಬಳೇ ಹೋಗಿ ಬರುವುದು ರೂಢಿ. ರೇಣುಕಾ ಸಿಸ್ಟರಿಗೆ ಫೋನ್ ಮಾಡಿ, "ಇವತ್ತ ನಮ್ಮ ಓಣಿಗೆ ನೀರ ಬರ್ತೈತ್ರಿ, ಮನ್ಯಾಗ ಯಾರೂ ಇಲ್ಲ, ಬರಾಕ ಆಗೂದಿಲ್ಲ" ಎಂದೆ. ಹುಬ್ಬಳ್ಳಿಯಲ್ಲಿ ಈ ಕಾರಣಕ್ಕೆ ಯಾರೂ ಎದುರಾಡುವುದಿಲ್ಲ. ಬುಧವಾರವೂ ಫೋನ್ ಮಾಡಿ ಅದನ್ನೇ ಹೇಳಿದೆ. ಲೆಕ್ಕ ಕಲಿಸುವವಳು ನಾನು, ಇಷ್ಟು ದಡ್ಡ ಸುಳ್ಳು ಹೇಳಿದೆನೆಂದರೆ ಆಗ ನನ್ನ ಮನಸ್ಸು ಎಲ್ಲಿತ್ತೆಂದು ನೀವೇ ತಿಳಿದುಕೊಳ್ಳಿ. ಇನ್ನು ಹೋಗುವುದೇ ಇಲ್ಲ ಎಂದು ನಿರ್ಧರಿಸಿಯಾಗಿತ್ತು. ಹೋಗದಿದ್ದರೆ ಏನಾಗುತ್ತದೆಂದೂ ಗೊತ್ತಿತ್ತು. ಕಾಲು ಆಗಲೇ ಬಾತಿದ್ದವು, ಮೆತ್ತಗೆ ಏದುಸಿರು ಶುರುವಾಗಿತ್ತು.

ಫೋನ್ ಇಟ್ಟು ಒಂದು ತಾಸಾಗಿರಬಹುದು. ಬಾಗಿಲಲ್ಲಿ ಆಟೋ ನಿಂತಿತು. ಒಂದು ಕಡೆ ವಾಲುತ್ತ ದಾವಲಸಾಬರು ಇಳಿದು ಬಂದರು. ಒಳಗೆ ಬರುವ ಮೊದಲು ಅಂಗಳದ ನಳ ತಿರುವಿದರು. ಒಣ ಗಾಳಿಯೂ ಬರಲಿಲ್ಲ.

"ಸೋಮವಾರ ನೀರು ಬಂತು ಅಂದ್ರಿ. ನಂಬಿದೆ. ಬುಧವಾರನೂ ನೀರ ಬರ್ತೈತಿ ಅಂದೀರಿ. ಬೆಂಗೇರ್ಯಾಗ ಏನ ಹೊಳಿ ಹರಿಯಾಕತ್ತೈತೇನ್ರಿ ಅಕ್ಕಾರ?"

ನಾನು ತಲೆ ತಗ್ಗಿಸಿದೆ. ನೀರಿನ ಬಗ್ಗೆ ಸುಳ್ಳು ಹೇಳಲು ಇಡೀ ಊರಿನಲ್ಲಿ ನನಗೆ ಇವರೇ ಸಿಗಬೇಕೆ?

"ಸಿಸ್ಟರ ಕಡೆ ನಿಮ್ಮ ವಿಳಾಸ ಇಸಗೊಂಡು, ನಿಮ್ಮ ಕಡೆ ಈಗ ವಾಲ್ವ್ ತಿರುವವನ್ನ ಕೇಳಿಕೊಂಡಽ ಬಂದೇನಿ. ನಿಮ್ಮ ಸಾಲಿಗೆ ಶನಿವಾರ ಬಿಟ್ಟಾನ. ಮುಂದಿನ ವಾರದ ತನಕ ಇಲ್ಲ" ಎಂದು ಅಲ್ಲಿದ್ದ ಕುರ್ಚಿಯ ಮೇಲೆ ಕುಳಿತರು. ಅಷ್ಟು ನಡೆದದ್ದಕ್ಕೇ ಏದುಸಿರು ಬಿಡುತ್ತಿದ್ದರು. ಅವರ ಪಾಳಿಯೂ ಅದೇ ದಿನ, ಅದೇ ಮಧ್ಯಾಹ್ನ.

ಬಂದವರಿಗೆ ಮೊದಲು ನೀರು ಕೊಡಬೇಕಲ್ಲ. ಸಿಟ್ಟಿನಲ್ಲೂ ಕೈ ತಾನೇ ತಂಬಿಗೆ ಎತ್ತಿತು. ಅವರು ಜೇಬಿನಿಂದ ಆ ಸಣ್ಣ ಗ್ಲಾಸು ತೆಗೆದು ಹಿಡಿದರು, ನಾನು ಹಾಕಿದೆ. ಅವರು ಕುಡಿಯುವುದನ್ನು ನೋಡುತ್ತಿದ್ದಂತೆ ನನ್ನ ಬಾಯಿಂದ ಮಾತು ಹೊರಬಿತ್ತು.

"ಸಾಕಾಗೇತಿ ಚಾಚಾ. ನಾ ಇನ್ನ ಬರೂದಿಲ್ಲ."

"ನನಗೂ ಸಾಕಾಗೇತ್ರಿ" ಎಂದರು ಅವರು. ನಾನು ಸಮಾಧಾನದ ಮಾತಿಗೆ ಕಾದಿದ್ದೆ. "ಸುಳ್ಳ ಯಾಕ ಹೇಳ್ಲಿ? ಸೂಜಿ ನೋಡಿದ್ರ ಈಗೂ ಮಾರಿ ಆ ಕಡೆ ತಿರಗಸತೇನಿ. ಆದ್ರ ವಾಲ್ವ್ ತಿರುವೂದೂ ನನಗ ದಿನಾ ಸೇರತಿತ್ತು ಅಂತ ತಿಳಕೊಂಡಿರೇನು? ಮೈಯಾಗ ಜ್ವರ ಇಟಗೊಂಡ ಹೋಗೇನಿ. ನನ್ನ ಅಪ್ಪ ಸತ್ತ ಮರುದಿನ ಹೋಗೇನಿ. ಯಾಕ ಅಂದ್ರ ಓಣ್ಯಾಗ ಮಂದಿ ಕೊಡ ಹಚ್ಚಿ ಕುಂತಿರ್ತಾರ. ನಿಮಗ ಯಾರು ಕೊಡ ಹಚ್ಚಿ ಕುಂತಾರ, ಹೇಳ್ರಿ."

ಅಡಿಗೆಮನೆಯ ಬಾಗಿಲ ಹಿಂದೆ ನಿಂತು ನೀರು ಕುಡಿಯುವ ನನ್ನ ಗಂಡನ ಸಂಗತಿ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ಅತ್ತೆ. ಮದುವೆಯಾದ ಮೇಲೆ ಅಷ್ಟು ಅತ್ತದ್ದು ನನಗೆ ನೆನಪಿಲ್ಲ. ದಾವಲಸಾಬರು ಗ್ಲಾಸನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದರು.

"ಅವರಿಗೆ ಹೇಳ್ರಿ, ಎದುರಿಗೇ ಕುಡೀರಿ ಅಂತ. ಬೀಬಿಜಾನಗ ನಾ ಹಂಗಽ ಹೇಳೇನಿ. ತಂಬಗಿ ಎತ್ತಿ ಗಟಗಟ ಕುಡಿತಾಳ, ನಾ ನೋಡ್ಕೋತ ಕುಂದರತೇನಿ. ಮೊದಲ ಸಿಟ್ಟ ಬರತಿತ್ತು. ಈಗ ನಾನಽ ಕುಡದಂಗ ಆಗತೈತಿ." ಬೀಬಿಜಾನ ಅವರ ಹೆಂಡತಿ. ಗ್ಲಾಸು ಜೇಬಿಗೆ ಹಾಕಿಕೊಂಡು ಮತ್ತೆ ಹೇಳಿದರು. "ಇನ್ನ ನನ್ನ ಮಾತ ಕೇಳ್ರಿ. ಬಾಜೂ ಹಾಸಗಿ ಖಾಲಿ ಇದ್ರ ನನಗ ನಾಕ ತಾಸು ಹೋಗೂದಿಲ್ಲ. ನಿಮ್ಮ ಸಿಟ್ಟಿನ ಮಾತ ಕೇಳಿಕೋತ ಹೊತ್ತ ಹೋಗತೈತಿ. ಸೋಮವಾರ ಆ ಕಡೆ ಗ್ವಾಡಿ, ಈ ಕಡೆ ಖಾಲಿ. ಸತ್ತಂಗ ಆಗಿತ್ತು."

"ನೀವು ಹೋಗ್ರಿ ಚಾಚಾ, ನಿಮ್ಮ ಪಾಳಿ ತಪ್ಪತೈತಿ."

"ತಪ್ಪಲಿ. ನೀವ ಏಳೂತನಕ ನಾನೂ ಏಳೂದಿಲ್ಲ."

ಇದು ಬರೀ ಮಾತೆಂದು ಮೊದಲು ಎಣಿಸಿದೆ. ಕೈಕಟ್ಟಿ ಗಟ್ಟಿಯಾಗಿ ಕುಳಿತಿದ್ದರು. ಆಟೋದಲ್ಲಿದ್ದ ಅಳಿಯ ಎರಡು ಸಲ ಹಾರನ್ ಹೊಡೆದ. ಅವರ ಉಸಿರು ಸುಯ್ ಸುಯ್ ಎನ್ನುವುದು ನನಗೆ ಕೇಳುತ್ತಿತ್ತು, ನನ್ನದು ಅವರಿಗೆ ಕೇಳುತ್ತಿತ್ತು. ಇಬ್ಬರಲ್ಲಿ ಯಾರು ಮೊದಲು ಬೀಳುತ್ತೇವೋ ಎಂಬ ಸ್ಥಿತಿ. ಕೊನೆಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇವರ ಜೀವದ ಹೊಣೆ ಹೊರಲು ನಾನ್ಯಾರು? "ನಿಮ್ಮಂಥಾ ಹಟಮಾರಿ ಮನಷ್ಯಾನ್ನ ನಾ ಎಲ್ಲೂ ನೋಡಿಲ್ಲ" ಎಂದು ಕೂಗಾಡುತ್ತಲೇ ಚಪ್ಪಲಿ ಮೆಟ್ಟಿದೆ. "ಹಾಂ, ಈ ದನಿನಽ ಬೇಕಾಗಿತ್ತು ನೋಡ್ರಿ" ಎಂದು ಅವರು ಎದ್ದರು.

ಆ ದಿನದಿಂದ ನನಗೆ ಬದುಕು ಸಿಹಿಯಾಯಿತು ಎಂದೇನೂ ಹೇಳುವುದಿಲ್ಲ. ಕಾಲಿನ ಸೆಟೆತ ಅದೇ ಇತ್ತು, ಡಯಾಲಿಸಿಸ್ ಮುಗಿದ ಸಂಜೆಯ ಸುಸ್ತು ಅದೇ ಇತ್ತು. ಆದರೆ ಪಾಳಿ ತಪ್ಪಿಸಲಿಲ್ಲ. ನಮ್ಮವರಿಗೆ ಎದುರಿಗೇ ಕುಡಿಯಲು ಹೇಳಿದೆ. ಮೊದಲ ದಿನ ಅವರು ಲೋಟ ಎತ್ತಿ, ಅರ್ಧ ಕುಡಿದು, ಅತ್ತುಬಿಟ್ಟರು. ಈಗ ಸರಾಗವಾಗಿ ಕುಡಿಯುತ್ತಾರೆ. ನನ್ನ ಬ್ಯಾಗಿನಲ್ಲೂ ಒಂದು ಸಣ್ಣ ಗ್ಲಾಸು ಬಂತು. ತಿಂಗಳೊಳಗೆ ಪಾಳಿ ಇಲ್ಲದ ದಿನಗಳಲ್ಲಿ ಶಾಲೆಗೆ ಹೋಗತೊಡಗಿದೆ. ಹೆಡ್‌ಮಾಸ್ತರರು ಬೆಳಗಿನ ತರಗತಿಗಳನ್ನು ನನಗೆ ಬಿಟ್ಟುಕೊಟ್ಟರು. ಸಹಶಿಕ್ಷಕಿಯರು ಚಹಾ ತಂದಾಗ ನಾನು ಗ್ಲಾಸು ಹಿಡಿದರೆ ಮೊದಮೊದಲು ಕಕ್ಕಾಬಿಕ್ಕಿಯಾಗುತ್ತಿದ್ದರು. ಆಮೇಲೆ ಅವರೇ "ನಿಮ್ಮ ಆಟಿಕಿ ಗ್ಲಾಸ್ ಎಲ್ರೀ?" ಎಂದು ಕೇಳುವಂತಾಯಿತು.

ಮೊಹರಂ ಬಂತು. ಹಳೇ ಹುಬ್ಬಳ್ಳಿಯ ತಮ್ಮ ಓಣಿಯ ತಿರುವಿನಲ್ಲಿ ಶರಬತ್ತು ಹಂಚುವ ಕೆಲಸ ದಾವಲಸಾಬರದೇ ಎಂದು ಮೊದಲಿನಿಂದಲೂ ನಡೆದು ಬಂದಿತ್ತು. ಈ ವರ್ಷ ಬೇಡವೆಂದು ಎಲ್ಲರೂ ಹೇಳಿದರಂತೆ. ನಾನು ಹೋದಾಗ ದೊಡ್ಡ ಹಂಡೆಯ ಮುಂದೆ ನಿಂತಿದ್ದರು. ಸುಡು ಬಿಸಿಲು. ಹಂಡೆಯಲ್ಲಿ ಗುಲಾಬಿ ಬಣ್ಣದ ಶರಬತ್ತು, ಮೇಲೆ ಸಬ್ಜಾ ಬೀಜ, ತೇಲುವ ಬರ್ಫದ ಗಡ್ಡೆ. ಓಣಿಯ ಹಿಂದೂ ಮುಸ್ಲಿಂ ಮಕ್ಕಳೆಲ್ಲ ಮುಗಿಬಿದ್ದಿದ್ದರು. ಇವರು ಸೌಟಿನಿಂದ ಎತ್ತೆತ್ತಿ ಹಾಕುತ್ತಲೇ ಇದ್ದರು. ತುಟಿ ಒಣಗಿ ಬಿಳಿಚಿಕೊಂಡಿದ್ದವು. "ಇದ್ಯಾಕ ಚಾಚಾ ಈ ಶಿಕ್ಷೆ?" ಎಂದೆ. "ಕುಡೀಬ್ಯಾಡ ಅಂತ ಹೇಳ್ಯಾರ್ರಿ ಡಾಕ್ಟರು. ಕೊಡಬ್ಯಾಡ ಅಂತ ಎಲ್ಲೆ ಹೇಳ್ಯಾರ?" ಎಂದು ನನ್ನ ಗ್ಲಾಸಿಗಾಗಿ ಕೈ ಚಾಚಿದರು. ಅದರಲ್ಲಿ ಅರ್ಧ ತುಂಬಿಸಿ, ಒಂದು ಚೂರು ಬರ್ಫ ಹಾಕಿ ಕೊಟ್ಟರು. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ಕುಡಿದಿಲ್ಲ.

ಆ ಮಳೆಗಾಲ ಮುಗಿಯುತ್ತಿದ್ದಾಗ ಒಂದು ಶುಕ್ರವಾರ ಅವರು ಹಾಸಿಗೆ ಏರಿ ಎಂದಿನಂತೆ ಮುಂಗೈಯನ್ನು ಕಿವಿಗೆ ಹಚ್ಚಿದರು. ತೆಗೆದು ಮತ್ತೆ ಹಚ್ಚಿದರು. ಮತ್ತೊಂದು ಕಿವಿಗೆ ಹಚ್ಚಿದರು. ವಾರ್ಡಿನವರೆಲ್ಲ ಅವರ ಸಾರುವಿಕೆಗೆ ಕಾಯುತ್ತಿದ್ದೆವು. ಅವರು ನನ್ನ ಕಡೆ ತಿರುಗಿ, "ಅಕ್ಕಾರ, ಸಪ್ಪಳ ಇಲ್ರಿ" ಎಂದರು, ಮೆಲ್ಲಗೆ.

ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಕೊಂಡಿತ್ತು. ಕುತ್ತಿಗೆಯಲ್ಲಿ ನಳಿಕೆ ಇಟ್ಟು ಡಯಾಲಿಸಿಸ್ ಮುಂದುವರಿಸಿದರು. ಇನ್ನೊಂದು ಕೈಯಲ್ಲಿ ಮಾಡೋಣವೆಂದರೆ ಹೃದಯಕ್ಕೆ ತಡೆಯುವ ಶಕ್ತಿ ಇಲ್ಲವೆಂದರು. ಕುತ್ತಿಗೆಯ ನಳಿಕೆಗೆ ಪದೇ ಪದೇ ಸೋಂಕು, ಚಳಿ ಜ್ವರ. ಆದರೂ ಪಾಳಿಗೆ ಬರುತ್ತಿದ್ದರು. ನಡೆಯಲು ಆಗದಾದಾಗ ಅಳಿಯ ಎತ್ತಿಕೊಂಡು ಬರುತ್ತಿದ್ದ. ಬಂದು ಮಲಗಿದ ಮೇಲೆ, ಅಭ್ಯಾಸಬಲದಿಂದ ಎಡಗೈ ಕಿವಿಯ ತನಕ ಹೋಗಿ ಅರ್ಧದಲ್ಲೇ ನಿಲ್ಲುತ್ತಿತ್ತು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ನಾವು ಕೊನೆಯ ಸಲ ಒಟ್ಟಿಗೆ ಇದ್ದ ದಿನ ನನ್ನದು ಮುಗಿದು ಸೂಜಿ ತೆಗೆದಿದ್ದರು. ಹೊರಡುವಾಗ ಅವರ ಹಾಸಿಗೆಯ ಬಳಿ ನಿಂತೆ. ಕಣ್ಣು ತೆರೆದರು.

"ಅಕ್ಕಾರ, ನಿಮ್ಮ ಕೈ ಒಂಚೂರು ಇಲ್ಲೆ ಹಿಡೀರಿ."

ನಾನು ಬಗ್ಗಿ, ನನ್ನ ಮುಂಗೈಯನ್ನು ಅವರ ಕಿವಿಗೆ ಹಚ್ಚಿದೆ. ನಾನು ಯಾವ ಸದ್ದಿಗೆ ಹೇಸಿ ಕೈಯನ್ನು ದಿಂಬಿನಿಂದ ದೂರ ಇಡುತ್ತಿದ್ದೆನೋ ಆ ಸದ್ದನ್ನು ಅವರು ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು ಕೇಳಿದರು. ಗಡ್ಡದೊಳಗೆ ನಗು ಮೂಡಿತು.

"ಬಂದೈತ್ರಿ. ಛಲೋ ಒತ್ತು ಐತಿ. ಪಾಳಿ ತಪ್ಪಸಬ್ಯಾಡ್ರಿ."

ಮುಂದಿನ ಪಾಳಿಯ ದಿನ ಬೆಳಿಗ್ಗೆ ಅವರ ಅಳಿಯನ ಫೋನ್ ಬಂತು. ಮೈ ತೊಳೆದು ಮುಖ ತೋರಿಸುವಾಗ ಹನ್ನೆರಡು ದಾಟುತ್ತದೆ, ಮಧ್ಯಾಹ್ನದ ನಮಾಜು ಮುಗಿದೊಡನೆ ಮಣ್ಣು ಮಾಡುತ್ತಾರೆ, ಅದಕ್ಕೂ ಮುಂಚೆ ಬಂದರೆ ಮುಖ ನೋಡಬಹುದು ಎಂದ. ಹಳೇ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಎದ್ದು ಬಂದು ಪಾಳಿ ಹಿಡಿಯುವಷ್ಟು ಸಮಯ ಇರಲಿಲ್ಲ. ನಮ್ಮ ಮನೆಯವರು ಅಂಗಡಿಗೆ ಹೋಗದೆ ನಿಂತಿದ್ದರು. "ಇವತ್ತೊಂದಿನ ನಾಳೆ ಮಾಡಿಸಿದ್ರ ನಡೀತೈತೇನು, ಸಿಸ್ಟರನ್ನ ಕೇಳು" ಎಂದರು. ಕೇಳಿದರೆ ಸಿಸ್ಟರ್ ಹೂಂ ಎನ್ನುತ್ತಿದ್ದರೋ ಏನೋ. ನಾನು ಕೇಳಲಿಲ್ಲ. "ಅವರ ಮಾರಿ ನೋಡಾಕಂತ ಪಾಳಿ ತಪ್ಪಿಸಿ ಹೋದ್ರ ಎದ್ದ ಕುಂತು ಬೈತಾರ" ಎಂದೆ. ಅದು ನಗೆಮಾತಲ್ಲ. ಅಳುತ್ತಲೇ ಹೇಳಿದ್ದು.

ಆ ನಾಲ್ಕು ತಾಸು ನನ್ನ ಪಕ್ಕದ ಹಾಸಿಗೆ ಖಾಲಿ ಇತ್ತು. ಹಾಸಿಗೆ ಖಾಲಿ ಇದ್ದರೆ ಸತ್ತಂತಾಗುತ್ತದೆ ಎಂದು ಅವರು ಹೇಳಿದ್ದು ಎಷ್ಟು ನಿಜ ಎಂದು ಆಗ ತಿಳಿಯಿತು. ಮೂಲೆಯ ನಳದಿಂದ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು. ಸೂಜಿ ತೆಗೆದ ಮೇಲೆ ಎದ್ದು ಹೋಗಿ ಬಿಗಿ ಮಾಡಿದೆ. ನನ್ನ ಕೈಗೆ ಅಷ್ಟು ಬಲವಿಲ್ಲ; ಹನಿ ಪೂರ್ತಿ ನಿಲ್ಲಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಗಂಡಸರು ಮಣ್ಣು ಕೊಟ್ಟು ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಹೆಂಗಸರ ನಡುವೆ, ಗೋಡೆಗೆ ಒರಗಿ ಬೀಬಿಜಾನ ಚಾಚಿ ಕುಳಿತಿದ್ದರು. ಅತ್ತೂ ಅತ್ತೂ ಅವರ ಕಣ್ಣು ಇಂಗಿಹೋಗಿದ್ದವು. ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ನಾನು ಬಾಗಿಲ ಬಳಿಯೇ ಕುಸಿದು ಕುಳಿತೆ. ನನ್ನ ಪರಿಚಯವಿಲ್ಲದ ಯಾರೋ ಹೆಣ್ಣುಮಗಳು, ಬಂದವರಿಗೆಲ್ಲ ಕೊಟ್ಟ ಹಾಗೆ, ದೊಡ್ಡ ಲೋಟದ ತುಂಬ ನೀರು ತಂದು ನನ್ನ ಮುಂದೆ ಹಿಡಿದಳು. ನಾನು ಬ್ಯಾಗಿಗೆ ಕೈ ಹಾಕಿದೆ. ನನ್ನ ಗ್ಲಾಸನ್ನು ಆ ದಿನ ಮನೆಯಲ್ಲೇ ಮರೆತು ಬಂದಿದ್ದೆ.

ಮೂಲೆಯಿಂದ ಬೀಬಿಜಾನ ಚಾಚಿಯ ಒಡೆದ ದನಿ ಬಂತು. "ಅಷ್ಟ ಕೊಡಬ್ಯಾಡವಾ ಅವರಿಗೆ. ಅಲ್ಲೆ ಮಾಡದಾಗ ಸಣ್ಣ ಗ್ಲಾಸ್ ಐತಿ ನೋಡು, ಅದರಾಗ ಕೊಡು." ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಪಾಳಿ ಮುಗಿಸ್ಕೊಂಡ ಬಂದ್ರಿಲ್ರಿ ಅಕ್ಕಾರ?"

ಸೆರಗು ಸರಿಸಿ, ಹೊಸ ಪಟ್ಟಿ ಕಟ್ಟಿದ್ದ ಕೈಯನ್ನು ಎತ್ತಿ ತೋರಿಸಿದೆ. ಚಾಚಿ ನೋಡಿ, ತಲೆಯಾಡಿಸಿ, ಮತ್ತೆ ಗೋಡೆಗೆ ಒರಗಿದರು. ಆ ಹೆಣ್ಣುಮಗಳು ಗೋಡೆಯ ಮಾಡದಿಂದ ಮೊಮ್ಮಗಳ ಆಟದ ಗ್ಲಾಸು ತೆಗೆದು ಅದರಲ್ಲಿ ನೀರು ಹಾಕಿ ಕೊಟ್ಟಳು. ನಾನು ಅದನ್ನು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಕುಡಿದೆ.